ಕಾಯಿಲೆ ವಾಸಿಯಾಯ್ತು, ಎತ್ತರ ಅಳೆದಿರಾ?

ಮಕ್ಕಳ ಮೂಳೆ ರಬ್ಬರಿನ ಹಾಗೆ ಹಿಗ್ಗಿ ಉದ್ದವಾಗುವುದಿಲ್ಲ. ತೊಡೆ, ಕಾಲು, ತೋಳಿನ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಡಾಕ್ಟರುಗಳು ಅದನ್ನು ‘ಗ್ರೋತ್ ಪ್ಲೇಟ್’ ಎನ್ನುತ್ತಾರೆ. ಅಲ್ಲಿನ ಜೀವಕೋಶಗಳು ಒಡೆದು ಎರಡಾಗಿ, ಸಾಲುಗಟ್ಟಿ ನಿಂತು, ಉಬ್ಬಿ, ಕೊನೆಗೆ ಗಟ್ಟಿ ಮೂಳೆಗೆ ಜಾಗ ಬಿಡುತ್ತವೆ. ಹದಿಹರೆಯ ಮುಗಿಯುವ ಹೊತ್ತಿಗೆ ಈ ಪದರವೇ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಏನು ತಿಂದರೂ ಎತ್ತರ ಬೆಳೆಯುವುದಿಲ್ಲ.

ಮೆಕ್ಯಾನಿಕಲ್ ಬಿಇ ಓದುವ ನಾನು ಇದನ್ನೆಲ್ಲ ಹುಡುಕಿಕೊಂಡು ಓದಿದ್ದು ಚಿಕ್ಕಪ್ಪನ ಮಗನಿಗಾಗಿ. ಅವನಿಗೆ ಏಳು ವರ್ಷವಿದ್ದಾಗ ರಕ್ತ ಕ್ಯಾನ್ಸರ್ ಬಂತು, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಎರಡೂವರೆ ವರ್ಷ ಚಿಕ್ಕಪ್ಪ, ಚಿಕ್ಕಮ್ಮ ಗೊರವನಹಳ್ಳಿಗೂ ಬೆಂಗಳೂರಿಗೂ ಬಸ್ಸಿನಲ್ಲಿ ಓಡಾಡಿದರು. ಔಷಧ ಮುಗಿದ ಮೇಲೆ ಒಂದು ಶುಕ್ರವಾರ ಮಹಾಲಕ್ಷ್ಮಿಗೆ ಹರಕೆ ಒಪ್ಪಿಸಿದೆವು. ಮತ್ತೆ ಶಾಲೆಗೆ ಹೋದವನು ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತ. ಗೆಳೆಯರೆಲ್ಲ ಅವನನ್ನು ಮೀರಿ ಬೆಳೆದಿದ್ದರು. ‘ಜೀವ ಉಳೀತಲ್ಲಪ್ಪ, ಎತ್ತರ ಕಟ್ಕೊಂಡು ಏನ್ ಮಾಡ್ಬೇಕು’ ಅಂದರು ಅಜ್ಜಿ. ಅಜ್ಜಿಯ ಮಾತನ್ನು ತಳ್ಳಿಹಾಕಲಾರೆ. ಆದರೆ ಅವನಿಗೆ ಇನ್ನೂ ಅರವತ್ತು ವರ್ಷ ಆ ಮೂಳೆಗಳ ಮೇಲೆಯೇ ನಡೆಯಬೇಕಿದೆ.

ಈ ಕಾಯಿಲೆಯ ಔಷಧದ ಕಥೆಯಲ್ಲಿ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಔಷಧವನ್ನು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟರು. ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂಬ ವರದಿ 1948ರಲ್ಲಿ ಬಂತು. ಅದರ ಸಂಬಂಧಿಯಾದ ಮೆಥೊಟ್ರೆಕ್ಸೇಟ್ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬು. ಕೋಶ ಎರಡಾಗಲು ಬೇಕಾದ ಫೋಲಿಕ್ ಆಮ್ಲದ ಕೆಲಸಕ್ಕೆ ಅದು ಅಡ್ಡಗಾಲು ಹಾಕುತ್ತದೆ. ತೊಂದರೆ ಇರುವುದೂ ಇಲ್ಲೇ. ವೇಗವಾಗಿ ಒಡೆಯುವ ಕೋಶ ಕ್ಯಾನ್ಸರಿನದೋ ಗ್ರೋತ್ ಪ್ಲೇಟಿನದೋ ಎಂದು ಔಷಧಕ್ಕೆ ಗೊತ್ತಾಗುವುದಿಲ್ಲ.

ಮೂಳೆಗೆ ಇನ್ನೂ ದೊಡ್ಡ ಪೆಟ್ಟು ಕೊಡುವುದು ಸ್ಟಿರಾಯ್ಡ್‌ಗಳು: ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್. ಅವನ ಮುಖ ಚಂದ್ರನ ಹಾಗೆ ಊದಿಕೊಂಡಿದ್ದು, ನಡುರಾತ್ರಿ ಎದ್ದು ಅನ್ನ ಕೇಳುತ್ತಿದ್ದುದು ಇದೇ ಗುಳಿಗೆಗಳಿಂದ. ಇವು ಮೂಳೆ ಕಟ್ಟುವ ಕೋಶಗಳನ್ನು ತಗ್ಗಿಸುತ್ತವೆ, ಕರುಳು ಕ್ಯಾಲ್ಸಿಯಂ ಹೀರದಂತೆ ತಡೆಯುತ್ತವೆ. ಕೆಲವರಲ್ಲಿ ಸೊಂಟ ಅಥವಾ ಮಂಡಿಯ ಮೂಳೆಯ ಒಂದು ಭಾಗವೇ ರಕ್ತ ಸಿಗದೆ ಸಾಯುತ್ತದೆ. ಹತ್ತು ವರ್ಷ ದಾಟಿದವರಲ್ಲಿ ಈ ಅಪಾಯ ಜಾಸ್ತಿ.

ಹಾಗಂತ ಗುಳಿಗೆ ಬಿಡಿಸಿದರೆ ರೋಗ ಮರಳುತ್ತದೆ. ಮನೆಯವರು ತಾವೇ ಡೋಸ್ ಕಡಿಮೆ ಮಾಡುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಔಷಧ ಬಿಡದೆ ಮೂಳೆ ಉಳಿಸುವುದು ಹೇಗೆ? ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಒಂದು ಹಂತದಲ್ಲಿ ಡೆಕ್ಸಾಮೆಥಸೋನನ್ನು ಸತತ ಮೂರು ವಾರ ಕೊಡುವ ಬದಲು ಒಂದು ವಾರ ಕೊಟ್ಟು, ಒಂದು ವಾರ ಬಿಟ್ಟು, ಮತ್ತೆ ಒಂದು ವಾರ ಕೊಟ್ಟರು. ಹತ್ತು ವರ್ಷ ಮೀರಿದವರಲ್ಲಿ ಮೂಳೆ ಸಾಯುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ರೋಗ ಗುಣವಾಗುವುದಕ್ಕೆ ಧಕ್ಕೆಯಾಗಲಿಲ್ಲ. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಬರೀ ಕ್ಯಾಲೆಂಡರ್ ಬದಲಾಯಿತು. ಇಡೀ ಓದಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ, ಬಹುಶಃ ನಾನು ಇಂಜಿನಿಯರಿಂಗ್ ಹುಡುಗನಾದ್ದರಿಂದ.

ಮೂಳೆಗೇ ಕಾವಲು ಹಾಕುವ ಪ್ರಯತ್ನವೂ ಇದೆ. ನಮ್ಮ ದೇಹದಲ್ಲೇ ಇರುವ ‘ಹ್ಯುಮಾನಿನ್’ ಎಂಬ ಪುಟ್ಟ ಪೆಪ್ಟೈಡನ್ನು ಜಪಾನಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಅವರು ಹುಡುಕುತ್ತಿದ್ದುದು ಅಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನ ಕೋಶಗಳನ್ನು ಕಾಪಾಡುವ ವಸ್ತುವನ್ನು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಅದನ್ನು ಮೂಳೆಗೆ ತಂದರು. ಬೋರ್ಟೆಝೊಮಿಬ್ ಎಂಬ ಕ್ಯಾನ್ಸರ್ ಔಷಧದ ಜೊತೆ ಹ್ಯುಮಾನಿನ್ ಕೊಟ್ಟಾಗ ಇಲಿಗಳ ಮೂಳೆ ಬೆಳವಣಿಗೆ ಕುಂಠಿತವಾಗಲಿಲ್ಲ, ಔಷಧದ ಬಲವೂ ತಗ್ಗಲಿಲ್ಲ ಎಂದು 2014ರಲ್ಲಿ ವರದಿ ಮಾಡಿದರು. ಇಲಿಯಿಂದ ಮಗುವಿನವರೆಗಿನ ದಾರಿ ಬಹಳ ಉದ್ದ. ನಮ್ಮ ಹುಡುಗನ ಗ್ರೋತ್ ಪ್ಲೇಟ್ ಅಲ್ಲಿಯವರೆಗೆ ಕಾಯುವುದಿಲ್ಲ.

ಈಗ ಕೈಗೆ ಸಿಗುವುದೇನು? ನಮ್ಮ ಕಡೆ ಎಲ್ಲರೂ ಕೊಡುವ ಸಲಹೆ ರಾಗಿ ಮುದ್ದೆ. ತಪ್ಪಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದು ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಡಾಕ್ಟರ್ ಹೇಳಿದಷ್ಟೇ ಕೊಡಬೇಕು. ಪಾವಗಡದ ಕಡೆಯ ಓದುಗರಿಗೆ ನೀರಿನ ಬಗ್ಗೆ ನಾನು ಹೇಳಬೇಕಿಲ್ಲ. ಫ್ಲೋರೈಡ್ ಸೇರುವುದೂ ಮೂಳೆಗೇ. ಮೊದಲೇ ಪೆಟ್ಟು ತಿಂದ ಮಗುವಿಗೆ ಬೋರ್‌ವೆಲ್ ನೀರು ಕುಡಿಸದೆ, ಶುದ್ಧ ನೀರಿನ ಘಟಕದ ಕ್ಯಾನ್ ತರುವುದೇ ಮೇಲು. ಮಗು ಕುಂಟಿದರೆ, ಸೊಂಟ ನೋವು ಎಂದರೆ, ‘ಆಟದಲ್ಲಿ ಬಿದ್ದಿರ್ತಾನೆ ಬಿಡು’ ಅನ್ನದೆ ಆಸ್ಪತ್ರೆಗೆ ತೋರಿಸಬೇಕು.

ಎಲ್ಲಕ್ಕಿಂತ ಸುಲಭದ್ದು ಎತ್ತರ ಅಳೆಯುವುದು. ಚಿಕಿತ್ಸೆ ಮುಗಿದ ಮೇಲೆ ಎಷ್ಟೋ ಮಕ್ಕಳು ಹಿಂದೆ ಬಿದ್ದ ಬೆಳವಣಿಗೆಯನ್ನು ಮತ್ತೆ ಹಿಡಿಯುತ್ತಾರೆ. ಹಿಡಿಯದವರಿಗೆ ಹಾರ್ಮೋನ್ ಪರೀಕ್ಷೆ, ಮೂಳೆ ಸಾಂದ್ರತೆಯ ಸ್ಕ್ಯಾನ್ ಇವೆ. ಗ್ರೋತ್ ಪ್ಲೇಟ್ ಮುಚ್ಚುವ ಮೊದಲು ಹೋಗಬೇಕು, ಅಷ್ಟೇ. ಅಂಗನವಾಡಿಯಲ್ಲಿ, ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಎತ್ತರ, ತೂಕ ಹೇಗೂ ಬರೆದಿರುತ್ತಾರೆ. ಆ ಅಂಕಿ ಕ್ಯಾನ್ಸರ್ ಆಸ್ಪತ್ರೆಯ ಫೈಲಿಗೆ ಸೇರುವುದು ಮಾತ್ರ ಅಪರೂಪ. ನಾವು ಶಾಲೆಯಿಂದ ನಾಲ್ಕು ವರ್ಷದ ಅಳತೆ ಬರೆಸಿಕೊಂಡು, ನಾನೇ ಗ್ರಾಫ್ ಶೀಟಿನಲ್ಲಿ ಗೆರೆ ಎಳೆದುಕೊಟ್ಟೆ. ಚಿಕಿತ್ಸೆಯ ವರ್ಷಗಳಲ್ಲಿ ಗೆರೆ ಹೆಚ್ಚುಕಮ್ಮಿ ಮಲಗಿತ್ತು, ಆಮೇಲೆ ಮೆಲ್ಲಗೆ ಎದ್ದಿತ್ತು. ಡಾಕ್ಟರ್ ಅದನ್ನು ನೋಡಿ, ಆರು ತಿಂಗಳು ಬಿಟ್ಟು ಮತ್ತೊಂದು ಚುಕ್ಕೆ ಹಾಕಿಕೊಂಡು ಬನ್ನಿ ಎಂದಿದ್ದಾರೆ.