ಖನಿಜ ಸಾಗಣೆ ವಾಹನಗಳ ಶೋಧನೆ: ಅಧಿಕಾರ ಯಾರದು?

ಖಾನಾಪುರದ ಕಡೆಯಿಂದ ಮಹಾಂತೇಶ ನಗರದ ಕಾಮಗಾರಿಗಳಿಗೆ ಮರಳು, ಜಲ್ಲಿ ತರಿಸುವ ವರ್ತಕರು ವಾಹನ ಶೋಧನೆಯ ಕಾನೂನನ್ನು ಅರಿತಿರುವುದು ಅವಶ್ಯ. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದ 23ಬಿ ಪ್ರಕರಣದನ್ವಯ, ಅಕ್ರಮವಾಗಿ ತೆಗೆದ ಖನಿಜ ವಾಹನದಲ್ಲಿ ಅಡಗಿದೆಯೆಂದು ನಂಬಲು ಕಾರಣವಿದ್ದಲ್ಲಿ ಸರ್ಕಾರವು ಅಧಿಕಾರವಿತ್ತ ಗೆಜೆಟೆಡ್ ಅಧಿಕಾರಿಯು ಶೋಧಿಸಬಹುದು. ಬರಿಯ ಶಂಕೆ ಸಾಲದು. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಪಂಚರ ಸಮಕ್ಷಮ ಶೋಧನೆ ನಡೆಸಿ, ವಶಪಡಿಸಿಕೊಂಡ ವಸ್ತುಗಳ ಪಟ್ಟಿ ತಯಾರಿಸಬೇಕು. ಅದರ ಪ್ರತಿಯನ್ನು ಚಾಲಕನು ಕೇಳಿ ಪಡೆಯುವುದು ಲೇಸು.

21(4)ನೇ ಉಪಪ್ರಕರಣದಡಿ ವಿಶೇಷ ಅಧಿಕಾರ ಪಡೆದವರು ವಾಹನವನ್ನು ಜಪ್ತಿ ಮಾಡಬಹುದು. ಆದರೆ ಮುಟ್ಟುಗೋಲಿಗೆ ನ್ಯಾಯಾಲಯದ ಆದೇಶವೇ ಬೇಕು. ಲಾರಿ ನಿಂತ ದಿನಗಳ ನಷ್ಟ ಹಲವೊಮ್ಮೆ ಮರಳಿನ ಬೆಲೆಯನ್ನೂ ಮೀರುತ್ತದೆ. ಜಿಎಸ್‌ಟಿಯ ಇ-ವೇ ಬಿಲ್ ಇದ್ದಮಾತ್ರಕ್ಕೆ ಖನಿಜ ಸಾಗಣೆ ಪರವಾನಗಿ ಇದ್ದಂತಾಗದು.