ಪಾಸ್‌ವರ್ಡ್ ಕೇಳುವವನನ್ನೇ ಎತ್ತಿಬಿಟ್ಟರೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸೋದರಮಾವ ತಮ್ಮ ಹಳೆಯ ಡೆಸ್ಕ್‌ಟಾಪಿನ ಪಾಸ್‌ವರ್ಡ್ ಮರೆತರು. ವಿಂಡೋಸಿನದ್ದಾಗಿದ್ದರೆ ನಾನೇ ಏನಾದರೂ ಮಾಡುತ್ತಿದ್ದೆ. ಇದು ಸ್ವಿಚ್ ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ ಕೇಳುತ್ತದಲ್ಲ, ಆ ಬಯೋಸ್ ಪಾಸ್‌ವರ್ಡ್. ಸಿಪಿಯು ಡಬ್ಬವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯ ಹುಡುಗ ಪಕ್ಕದ ತಗಡು ಬಿಚ್ಚಿದ. ಮದರ್‌ಬೋರ್ಡಿನ ಮೇಲಿದ್ದ, ಈಗಿನ ಒಂದು ರೂಪಾಯಿ ನಾಣ್ಯದಷ್ಟಗಲದ ಸೆಲ್ಲನ್ನು ಉಗುರಿನಲ್ಲಿ ಎಬ್ಬಿಸಿ ಮೇಜಿನ ಮೇಲಿಟ್ಟ. ಟೀ ಕುಡಿದು ಬಂದು ಮತ್ತೆ ಕೂರಿಸಿದ. ಆನ್ ಮಾಡಿದರೆ ಪಾಸ್‌ವರ್ಡಿನ ಸೊಲ್ಲೇ ಇಲ್ಲ!

"ಅಷ್ಟೇನಾ?" ಅಂದರು ಮಾವ.

"ಅಷ್ಟೇ ಸಾರ್. ತಾರೀಖು ಹಿಂದೆ ಹೋಗಿರುತ್ತೆ, ಸರಿ ಮಾಡ್ಕೊಳ್ಳಿ."

ಕೆಲಸವಾದ ಖುಷಿಗಿಂತ ಮಾವನಿಗೆ ಬೇಜಾರೇ ಹೆಚ್ಚಾಯಿತು. ಆರು ವರ್ಷ ಅದೇ ಪಾಸ್‌ವರ್ಡನ್ನು ನಂಬಿ ಬ್ಯಾಂಕಿನ ಲೆಕ್ಕವೆಲ್ಲ ಆ ಡಬ್ಬದಲ್ಲಿಟ್ಟಿದ್ದರು.

ಆ ಸೆಲ್ಲಿನ ಹೆಸರು ಸಿಆರ್2032, ಮೂರು ವೋಲ್ಟಿನದು. ಕಂಪ್ಯೂಟರಿನಲ್ಲಿ ಸಿಮಾಸ್ ಎಂಬ ಪುಟ್ಟ ಮೆಮೊರಿ ಇರುತ್ತದೆ. ಗಂಟೆ, ತಾರೀಖು, ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬ ಸೆಟ್ಟಿಂಗ್, ಹಳೆಯ ಯಂತ್ರಗಳಲ್ಲಿ ಈ ಪಾಸ್‌ವರ್ಡ್, ಎಲ್ಲವೂ ಅದರಲ್ಲೇ. 1984ರ ಐಬಿಎಂ ಪಿಸಿ ಎಟಿಯಿಂದ ಬಂದ ಏರ್ಪಾಡು ಇದು. ವಿದ್ಯುತ್ ಇರುವವರೆಗೆ ನೆನಪು. ಸೆಲ್ ತೆಗೆದರೆ ಮರೆವು. ಸೆಲ್ ತೆಗೆಯುವ ಶ್ರಮವೂ ಬೇಡವೆಂದು ಮದರ್‌ಬೋರ್ಡಿನಲ್ಲೇ ಎರಡು ಪಿನ್ ಕೊಟ್ಟಿರುತ್ತಾರೆ. ಅವನ್ನು ಕೂಡಿಸಿದರೂ ಎಲ್ಲ ಅಳಿಸಿಹೋಗುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಸುಲಭವಿಲ್ಲ, ನಿಜ. ವಿದ್ಯುತ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಚಿಪ್‌ನಲ್ಲಿ ಪಾಸ್‌ವರ್ಡ್ ಇರುತ್ತದೆ. ಆದರೆ ಕೆಲವು ಮಾದರಿಗಳಲ್ಲಿ ಮೂರು ಸಲ ತಪ್ಪು ಹೊಡೆದರೆ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಅದನ್ನು ಲೆಕ್ಕಕ್ಕೆ ಹಾಕಿ ಬೀಗ ತೆಗೆಯುವ ಪಾಸ್‌ವರ್ಡ್ ಕಂಡುಹಿಡಿಯುವ ದಾರಿಯನ್ನು ಕಂಪನಿಗಳು ತಮ್ಮ ಸರ್ವೀಸ್‌ನವರಿಗೆಂದು ಇಟ್ಟುಕೊಂಡಿದ್ದವು. ಹಲವು ಹಳೆಯ ಮಾದರಿಗಳ ಆ ಲೆಕ್ಕ ಎಂದೋ ಬಯಲಾಗಿದೆ.

ಆದರೆ ಈ ಬೀಗ ಎಷ್ಟು ಗಟ್ಟಿ ಎಂಬ ಚರ್ಚೆಯಲ್ಲಿ ಹುರುಳು ಕಡಿಮೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಕಳ್ಳ ಹೆಬ್ಬಾಗಿಲ ತಂಟೆಗೇ ಹೋಗುತ್ತಿರಲಿಲ್ಲ. ಹೆಂಚು ಸರಿಸಿ ಇಳಿಯುತ್ತಿದ್ದ. ಇಲ್ಲಿಯೂ ಅಷ್ಟೆ. ಒಂದೆರಡು ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕ್ ಕೈಗೆ ಬರುತ್ತದೆ. ಕೆಲವೇ ನೂರು ರೂಪಾಯಿಯ ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ ಇನ್ನೊಂದು ಕಂಪ್ಯೂಟರಿಗೆ ಹಚ್ಚಿದರೆ ಅದೊಂದು ದೊಡ್ಡ ಪೆನ್‌ಡ್ರೈವ್, ಅಷ್ಟೆ. ಪಾಸ್‌ವರ್ಡ್ ಕೇಳಬೇಕಾದ ಬಯೋಸ್ ಹಳೆಯ ಡಬ್ಬದಲ್ಲೇ ಉಳಿದಿರುತ್ತದೆ.

ವಿಂಡೋಸ್ ಪಾಸ್‌ವರ್ಡಿನ ಕತೆಯೂ ಬೇರೆಯಲ್ಲ. ವಿಂಡೋಸ್ 98ರಲ್ಲಿ ಪಾಸ್‌ವರ್ಡ್ ಕೇಳಿದಾಗ ಎಸ್ಕೇಪ್ ಒತ್ತಿ ಒಳಗೆ ಹೋಗುತ್ತಿದ್ದುದು ಸೈಬರ್ ಕೆಫೆ ಕಾಲದವರಿಗೆ ನೆನಪಿರಬಹುದು. ಆಮೇಲೆ ಬಂದವು ಹಾಗೆ ಬಿಟ್ಟುಕೊಡುವುದಿಲ್ಲ. ಆದರೂ ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕಿಗೆ ಬೇರೆ ರಕ್ಷಣೆ ಇಲ್ಲದಿದ್ದರೆ ನಿಮ್ಮ ಫೋಟೊ, ಪ್ಯಾನ್ ಕಾರ್ಡಿನ ಸ್ಕ್ಯಾನು, ಉಳಿತಾಯದ ಲೆಕ್ಕ ಎಲ್ಲ ತೆರೆದೇ ಇರುತ್ತವೆ. ನಿದ್ದೆ ಹೋದ ಕಾವಲುಗಾರ ಯಾರನ್ನು ತಡೆದಾನು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಜಾತಿಯ ಪಾಸ್‌ವರ್ಡ್: ಒಬ್ಬ ಕೇಳುತ್ತಾನೆ, ನೀವು ಹೇಳುತ್ತೀರಿ, ಅವನು ತಾಳೆ ನೋಡಿ ಒಳಗೆ ಬಿಡುತ್ತಾನೆ. ಕೇಳುವವನನ್ನೇ ಎತ್ತಿಬಿಟ್ಟರೆ ಮುಗಿಯಿತು. ಇನ್ನೊಂದು ಜಾತಿಯಿದೆ. ಅಲ್ಲಿ ಪಾಸ್‌ವರ್ಡನ್ನೇ ಅರೆದು ಬೀಗದಕೈ ಎರಕ ಹೊಯ್ಯುತ್ತಾರೆ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿ ಮಾಡಿ ಇಟ್ಟಿರುತ್ತದೆ. ಬೀಗದಕೈ ಇಲ್ಲದವರಿಗೆ ಅದು ಬರೀ ಕಸ. ಡಿಸ್ಕ್ ಬಿಚ್ಚಿ ಯಾವ ಯಂತ್ರಕ್ಕೆ ಹಾಕಿದರೂ ಕಸವೇ. ವೆರಾಕ್ರಿಪ್ಟ್, ಲಿನಕ್ಸಿನ ಲಕ್ಸ್ ಈ ಬಗೆಯವು. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಫೈಲ್‌ವಾಲ್ಟ್ ಇದೆ. ಪಾಸ್‌ವರ್ಡಿಗೂ ಬೀಗದಕೈಗೂ ನಂಟು ತಪ್ಪಿದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ತಾನೇ ಗೂಢಲಿಪಿ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದ ಹೆಸರಾಂತ ಎಸ್‌ಎಸ್‌ಡಿಗಳಲ್ಲಿ ಕೆಲವನ್ನು ಅವರು ಪಾಸ್‌ವರ್ಡ್ ಇಲ್ಲದೆಯೇ ಓದಿದರು.

ವಿಂಡೋಸಿನಲ್ಲಿ ಈ ಕೆಲಸ ಮಾಡುವುದು ಬಿಟ್‌ಲಾಕರ್. ವಿಸ್ಟಾ ಕಾಲದಿಂದಲೂ ಇದೆ. ಬೀಗದಕೈಯನ್ನು ಟಿಪಿಎಂ ಎಂಬ ಚಿಪ್ ಕಾಯುತ್ತದೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಈ ಚಿಪ್ ಬೇಕೇ ಬೇಕು. ಯಂತ್ರ ಶುರುವಾಗುವಾಗ ಏನೂ ಬದಲಾಗಿಲ್ಲವೆಂದು ಖಾತ್ರಿಯಾದರೆ ಚಿಪ್ ಬೀಗದಕೈಯನ್ನು ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಡುವಾಗ ನಿಮ್ಮನ್ನು ಏನೂ ಕೇಳುವುದಿಲ್ಲ ಎಂಬುದೇ ಇದರ ಅನುಕೂಲ, ಇದರ ಕೊರತೆಯೂ ಹೌದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಚಿಪ್‌ನಿಂದ ಪ್ರೊಸೆಸರಿಗೆ ಹೋಗುವ ತಂತಿಯಲ್ಲೇ ಬೀಗದಕೈಯನ್ನು ಹಿಡಿದು ತೋರಿಸಿದವರಿದ್ದಾರೆ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಲಪಟಾಯಿಸುವವನು ಅಷ್ಟು ದೂರ ಹೋಗುವವನಲ್ಲ. ನಮ್ಮ ನಿಮ್ಮಂಥವರಿಗೆ ಟಿಪಿಎಂ ಕಾವಲು ಸಾಕು ಎಂದೇ ನನ್ನ ಅಭಿಪ್ರಾಯ.

ವಕೀಲರು, ಆಡಿಟರುಗಳು, ಪತ್ರಕರ್ತರು, ಪರರ ಗುಟ್ಟು ಇಟ್ಟುಕೊಂಡವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರಿಗೆ ಸ್ಟಾರ್ಟ್‌ಅಪ್ ಪಿನ್ ಸೇರಿಸಬಹುದು. ಆಗ ಪಿನ್ ಹೇಳದೆ ಟಿಪಿಎಂ ಬಾಯಿ ಬಿಡುವುದಿಲ್ಲ. ಆರು ಅಂಕಿಯ ಪಿನ್ ಎಂದರೆ ಹತ್ತು ಲಕ್ಷ ಸಾಧ್ಯತೆ. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ ಎನಿಸಬಹುದು. ಆದರೆ ವಿಂಡೋಸ್ ಟಿಪಿಎಂಗೆ ಹಾಕುವ ಲೆಕ್ಕದಲ್ಲಿ 32 ತಪ್ಪಾದ ಮೇಲೆ ಹತ್ತು ನಿಮಿಷಕ್ಕೆ ಒಂದೇ ಪ್ರಯತ್ನ. ಎಲ್ಲವನ್ನೂ ಹೊಡೆದು ನೋಡಲು ಸುಮಾರು 19 ವರ್ಷ ಬೇಕು. ಹುಟ್ಟಿದ ತಾರೀಖನ್ನೇ ಪಿನ್ ಮಾಡಿಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಇನ್ನೊಂದು ಸಣ್ಣ ಅಭ್ಯಾಸ. ಪ್ರಯಾಣ ಹೊರಟಾಗ ಲ್ಯಾಪ್‌ಟಾಪಿನ ಮುಚ್ಚಳ ಮಡಚಿ ಮಲಗಿಸಬೇಡಿ. ಪೂರ್ತಿ ಆಫ್ ಮಾಡಿ. ಮಲಗಿದ ಯಂತ್ರದ ಮೆಮೊರಿಯಲ್ಲಿ ಬೀಗದಕೈ ಹಾಗೇ ಇರುತ್ತದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡವೊಂದು ಧೂಳು ಊದುವ ಡಬ್ಬಿಯನ್ನು ತಲೆಕೆಳಗು ಹಿಡಿದು ಮೆಮೊರಿ ಚಿಪ್‌ಗಳನ್ನು ಥಂಡಿಗಟ್ಟಿಸಿತು. ವಿದ್ಯುತ್ ಹೋಗಿ ನಿಮಿಷಗಳಾದ ಮೇಲೂ ಅವುಗಳಿಂದ ಬೀಗದಕೈ ಓದಲು ಬಂತು.

ಕಳ್ಳನಿಗಿಂತ ನನಗೆ ಹೆಚ್ಚು ಹೆದರಿಕೆ ಇರುವುದು ಇನ್ನೊಂದರ ಬಗ್ಗೆ. ಬಿಟ್‌ಲಾಕರಿಗೆ 48 ಅಂಕಿಯ ರಿಕವರಿ ಕೀ ಇರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಆದರೂ, ನೀಲಿ ಪರದೆ ಬಂದು ಅದನ್ನು ಕೇಳುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ಗೂಢಲಿಪಿಗೆ ತಾನಾಗಿ ತಿರುಗುತ್ತದೆ. ಹಾಗಾಗಿ ತಮ್ಮ ಯಂತ್ರಕ್ಕೆ ಇಂಥ ಬೀಗ ಬಿದ್ದಿದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಅಂಕಿ ಎಲ್ಲೂ ಇಲ್ಲವೆಂದರೆ ಎಸ್.ಪಿ. ರಸ್ತೆಯ ಹುಡುಗನೂ ಕೈಚೆಲ್ಲುತ್ತಾನೆ, ಮೈಕ್ರೋಸಾಫ್ಟ್ ಕೂಡ. ಮಗಳ ನಾಮಕರಣದ ಫೋಟೊಗಳು ಹೋದವೆಂದೇ ಲೆಕ್ಕ.

ಹಾಗೆಂದು ಬಯೋಸ್ ಪಾಸ್‌ವರ್ಡ್ ತೆಗೆದುಹಾಕಬೇಕಿಲ್ಲ. ಸೆಟ್ಟಿಂಗ್ ಬದಲಿಸದಂತೆ, ಪೆನ್‌ಡ್ರೈವಿನಿಂದ ಶುರು ಮಾಡದಂತೆ ಮನೆಯ ಮಕ್ಕಳನ್ನೂ ಪಕ್ಕದ ಮೇಜಿನ ಸಹೋದ್ಯೋಗಿಯನ್ನೂ ಅದು ತಡೆಯುತ್ತದೆ. ಸ್ಕ್ರೂಡ್ರೈವರ್ ಹಿಡಿದವನನ್ನು ತಡೆಯಲು ಮಾತ್ರ ಅದರಿಂದ ಆಗದು.

ಇವತ್ತೇ ಒಂದು ಕೆಲಸ ಮಾಡಿ. ದಿಸ್ ಪಿಸಿ ತೆರೆದು ಸಿ ಡ್ರೈವಿನ ಚಿತ್ರದ ಮೇಲೆ ಪುಟ್ಟ ಬೀಗ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಮೊದಲು ಬ್ಯಾಕಪ್ ತೆಗೆದುಕೊಂಡು, ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಇದ್ದರೆ ಆನ್ ಮಾಡಿ. ಕಂಡರೆ ಆ 48 ಅಂಕಿಯನ್ನು ಹುಡುಕಿ. ಬಹುಪಾಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಯ ಖಾತಾ, ಪಹಣಿಗಳಿರುವ ಬೀರುವಿನಲ್ಲೇ ಇಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಬೇಡ.