ಬಾಡಿಗೆದಾರನೂ ಗಂಗಾಧರನೂ ನೆಂಟರು!

ಬ್ಯಾಂಕಿಗೆ ನೀವು ಖಾತೆದಾರ. ಡಿಮ್ಯಾಟ್ ಇದ್ದರೆ ಷೇರುದಾರ. ಯೂಟ್ಯೂಬ್ ಚಾನೆಲ್‌ಗೆ ಚಂದಾದಾರ, ಮನೆ ಓನರ್‌ಗೆ ಬಾಡಿಗೆದಾರ. ದಿನಾ ನಮಗೆ ಅಂಟಿಕೊಳ್ಳೋ ಈ ‘ದಾರ’ ಎಲ್ಲಿಂದ ಬಂತು ಗೊತ್ತಾ?

ಹೂ ಕಟ್ಟುವ ದಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಪರ್ಷಿಯನ್. ಅಲ್ಲಿ ‘ದಾಶ್ತನ್’ ಅಂದರೆ ಹೊಂದಿರುವುದು, ಇಟ್ಟುಕೊಳ್ಳುವುದು. ‘ದಾರ್’ ಅದರದೇ ರೂಪ. ಬಹಮನಿ, ಆದಿಲ್‌ಶಾಹಿ ಆಡಳಿತದ ಕಾಲದಿಂದ ಜಮೀನ್ದಾರ, ಸುಬೇದಾರ, ಹವಾಲ್ದಾರರೆಲ್ಲ ನಮ್ಮ ಮಾತಿಗೆ ಬಂದರು. ಉತ್ತರ ಕರ್ನಾಟಕದಲ್ಲಿ ಇನಾಮದಾರ, ಕಿಲ್ಲೇದಾರ ಅಂತ ಮನೆತನದ ಹೆಸರುಗಳೇ ಇವೆ. ಆಮೇಲೆ ಕನ್ನಡದ ‘ಪಾಲು’ವಿಗೂ ಇದನ್ನು ಜೋಡಿಸಿದೆವು. ಷೇರುದಾರನಂತೂ ಇಂಗ್ಲಿಷ್ ತಲೆ, ಪರ್ಷಿಯನ್ ಬಾಲ!

ನನಗೆ ಖುಷಿ ಕೊಟ್ಟದ್ದು ಇದರ ಹಿಂದಿನ ನೆಂಟಸ್ತಿಕೆ. ಸಂಸ್ಕೃತದ ‘ಧೃ’ ಧಾತುವಿಗೂ ಹಿಡಿದಿರುವುದು ಅಂತಲೇ ಅರ್ಥ. ಇರಾನಿನ ಭಾಷೆಗಳಲ್ಲಿ ‘ಧ’ದ ಮಹಾಪ್ರಾಣ ಬಿದ್ದುಹೋಗಿ ‘ದ’ ಉಳಿಯಿತು. ನಮ್ಮ ‘ಬಂಧ’, ಅವರ ‘ಬಂದ್’ ಆದ ಹಾಗೆ. ಅಂದರೆ ಗಂಗಾಧರನ ‘ಧರ’, ಬಾಡಿಗೆದಾರನ ‘ದಾರ’ ಒಂದೇ ಬೇರಿನವು. ‘ಧರ್ಮ’ವೂ ಅದೇ ಬೇರಿನದು. ಕ್ರಿ.ಪೂ. 522ರಲ್ಲಿ ಪಟ್ಟಕ್ಕೆ ಬಂದ ಪರ್ಷಿಯದ ದೊರೆ ಡೇರಿಯಸ್‌ನ ಮೂಲ ಹೆಸರು ‘ದಾರಯವೌಶ್’: ಒಳಿತನ್ನು ಹಿಡಿದು ನಿಲ್ಲಿಸುವವನು.

ಆದರೆ ಹಿಡಿದವನೆಲ್ಲ ಒಡೆಯನಲ್ಲ. ನಮ್ಮ ತಾತ ಗೇಣಿದಾರರಾಗಿದ್ದರು. ಉಳುಮೆ ಇವರದು, ಫಸಲಿನಲ್ಲಿ ದೊಡ್ಡ ಪಾಲು ಧಣಿಯದು. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ತಾತ ಫಾರಂ 7 ತುಂಬಿಸಿ ಹಾಕಿದರು, ಭೂ ನ್ಯಾಯಮಂಡಳಿಗೆ ಅಲೆದರು, ಕೊನೆಗೆ ಪಹಣಿಯಲ್ಲಿ ‘ಸ್ವಾಧೀನದಾರ’ರಾದರು. ಗೇಣಿದಾರ, ಸ್ವಾಧೀನದಾರ ಎರಡರಲ್ಲೂ ಬಾಲ ಅದೇ. ಬದಲಾದದ್ದು ಮುಂದಿನ ಪದ ಮಾತ್ರ. ನಮ್ಮಪ್ಪ ಕಾಲೇಜು ಮೆಟ್ಟಿಲು ಹತ್ತಿದ್ದು, ನಾನು ಎಂಜಿನಿಯರಿಂಗ್ ಓದಿದ್ದು ಆ ಎರಡೆಕರೆ ನೆಲದಿಂದ.

ಅಂದಹಾಗೆ, ‘ಹಿಡುವಳಿದಾರ’ ಅನ್ನುವ ಪದದಲ್ಲಿ ಹಿಡಿಯೋದು ಎರಡು ಸಲ ಬರುತ್ತೆ. ಕನ್ನಡದಲ್ಲಿ ಒಮ್ಮೆ, ಪರ್ಷಿಯನ್ನಿನಲ್ಲಿ ಇನ್ನೊಮ್ಮೆ. ಭೂಮಿ ವಿಷಯದಲ್ಲಿ ನಮ್ಮವರಿಗೆ ಒಂದು ಹಿಡಿತ ಸಾಲಲಿಲ್ಲವೇನೋ!

ಈಗ ಫ್ಲ್ಯಾಟ್‌ಗೆ ಲೋನ್ ಅರ್ಜಿ ಹಾಕಿದ್ದೇನೆ. ಮಂಜೂರಾದರೆ ಬಾಡಿಗೆದಾರನ ಪಟ್ಟ ಹೋಗಿ ‘ಸಾಲಗಾರ’ ಆಗ್ತೀನಿ. ಈ ‘ಗಾರ’ ಮಾತ್ರ ಬೇರೆ ಮನೆತನದ್ದು. ಸಂಸ್ಕೃತದ ‘ಕಾರ’ದಿಂದ ಬಂದದ್ದು, ಮಾಡುವವನು ಅಂತ ಅರ್ಥ. ಮನೆಯ ದಾಖಲೆಪತ್ರ ಹಿಡಿದಿರೋದು ಬ್ಯಾಂಕ್, ಸಾಲ ಮಾಡಿರೋದು ನಾನು. ವ್ಯಾಕರಣ ಸರಿಯಾಗೇ ಇದೆ.